ಸೀರಿಯಸ್ ಎಂದರೆ ಟೆಂಪೊ ಬರುತ್ತದೆ

ಬಳ್ಳಾರಿ ಸೀಮೆಯ ಆಸ್ಪತ್ರೆಗಳಲ್ಲಿ ‘ಸೀರಿಯಸ್’ ಎಂಬ ಮಾತು ಯಾರ ಬಾಯಿಂದಾದರೂ ಬಿದ್ದರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ಗೇಟಿನ ಹೊರಗೆ ಒಂದು ಟೆಂಪೊ ಬಂದು ನಿಲ್ಲುತ್ತದೆ. ಅದನ್ನು ಯಾರು ಕರೆದರು, ಯಾವಾಗ ಕರೆದರು ಎಂಬುದು ನನಗೆ ಸರ್ವಿಸ್ ಮುಗಿಯುವವರೆಗೂ ತಿಳಿಯಲಿಲ್ಲ. ಒಳಗೆ ಸೋದರತ್ತೆ, ಸೋದರಮಾವ, ಓಣಿಯ ಹಿರಿಯರು ಎಲ್ಲರೂ ತುಂಬಿಕೊಂಡಿರುತ್ತಾರೆ. ಕೆಲವರು ನೋಡಲು ಬಂದವರು, ಉಳಿದವರು ಕರೆದುಕೊಂಡು ಹೋಗಲು ಬಂದವರು. ಹೊಸದಾಗಿ ನರ್ಸ್ ಕೆಲಸಕ್ಕೆ ಸೇರುತ್ತಿರುವ ನೀವು ಇಂಜೆಕ್ಷನ್ ಕೊಡುವುದನ್ನೂ ಡ್ರಿಪ್ ಹಾಕುವುದನ್ನೂ ಕಾಲೇಜಿನಲ್ಲಿ ಕಲಿತೇ ಬಂದಿರುತ್ತೀರಿ. ಈ ಟೆಂಪೊ ಬಗ್ಗೆ ನಿಮಗೆ ಯಾರೂ ಹೇಳಿರುವುದಿಲ್ಲ. ಅದಕ್ಕೇ ನಾನು ಬರೆಯಲು ಕೂತಿದ್ದೇನೆ.

ನಾನು ಸ್ಟಾಫ್ ನರ್ಸ್ ಆಗಿದ್ದವಳು. ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಶುರು ಮಾಡಿ, ಕುರುಗೋಡು ಕಡೆ ಕೆಲವು ವರ್ಷ ಇದ್ದು, ಆಮೇಲೆ ಬಹುಕಾಲ ಸಿರುಗುಪ್ಪದಲ್ಲಿ ದುಡಿದು ನಿವೃತ್ತಳಾದೆ. ಈಗ ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದೇನೆ. ಓಣಿಯವರು ಬಿ.ಪಿ. ನೋಡಿಸಿಕೊಳ್ಳಲು ಬರುತ್ತಾರೆ, ‘ಸಿಸ್ಟರಮ್ಮ’ ಎನ್ನುತ್ತಾರೆ. ನನ್ನ ನಿಜವಾದ ಹೆಸರು ಅವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ, ನಾನೂ ಹೇಳಲು ಹೋಗಿಲ್ಲ. ಬಡ್ತಿ ಯಾವಾಗ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಬೇಡ. ಅದನ್ನು ಓದಿ ನಿಮಗೆ ಆಗಬೇಕಾದ್ದೇನೂ ಇಲ್ಲ.

ನಾನು ಸೇರಿದಾಗ ಹೆಂಗಸರ ವಾರ್ಡಿನ ಹೆಡ್ ಸಿಸ್ಟರ್ ಸುಂದರಮ್ಮ. ಆಳು ದೊಡ್ಡದು, ಧ್ವನಿ ಇನ್ನೂ ದೊಡ್ಡದು. ನನಗೋ ಆಗ ಸುಮ್ಮಸುಮ್ಮನೆ ನಗು ಬರುತ್ತಿದ್ದ ವಯಸ್ಸು. ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರೊಬ್ಬರು ಒಂದು ದಿನ ಎಲ್ಲರೆದುರಿಗೆ, “ಆಸ್ಪತ್ರೆಯಲ್ಲಿ ಕೆಲಸ ಮಾಡೋರು ಸೀರಿಯಸ್ ಆಗಿರಬೇಕು, ಇದೇನು ಟಾಕೀಸಾ?” ಎಂದು ಗದರಿದರು. ಮಾರನೆಯ ದಿನದಿಂದ ನಾನು ಮುಖ ಗಂಟು ಹಾಕಿಕೊಂಡು ಓಡಾಡತೊಡಗಿದೆ. ಯಾರಾದರೂ ನೀರು ಕೇಳಿದರೂ ತುಟಿ ಬಿಚ್ಚದೆ ಕೊಟ್ಟು ಬರುತ್ತಿದ್ದೆ. ನನಗೆ ನಾನೇ ದೊಡ್ಡ ಸಿಸ್ಟರ್ ಆದಂತೆ ಅನಿಸುತ್ತಿತ್ತು.

ಸುಂದರಮ್ಮ ಔಷಧಿ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಏನಾತು ನಿನಗ? ಮನ್ಯಾಗ ಯಾರರ ತೀರಿಕೊಂಡಾರೇನು?”

“ಇಲ್ರಿ ಮೇಡಂ. ಸೀರಿಯಸ್ ಇರಬೇಕಂತ ದೊಡ್ಡ ಡಾಕ್ಟ್ರು ಹೇಳ್ಯಾರಲ್ಲ.”

“ಅವ್ರು ಹೇಳಿದ್ದು ನಿನ್ನ ಕೈಗೆ. ಮಾರಿಗೆ ಯಾಕ ಹಚ್ಚಿಕೊಂಡಿ? ಆ ಕಿಡಕಿ ಕಡಿ ಮಲಗ್ಯಾಳಲ್ಲ, ಆಕಿ ಬೆಳಿಗ್ಗಿಂದ ಅಳಾಕತ್ತಾಳ. ತನಗೇನೋ ದೊಡ್ಡ ರೋಗ ಆಗೈತಿ, ಸಿಸ್ಟರಿಗೆ ಗೊತ್ತೈತಿ, ಹೇಳವಲ್ಲಳು ಅಂತ. ಹೋಗು, ಹೋಗಿ ಆಕಿ ಮುಂದ ಒಂದೀಟು ನಗು.”

ಹೋದೆ. ನಗು ಬೇಕೆಂದಾಗ ಬರಲಿಲ್ಲ, ಹಲ್ಲು ತೋರಿಸಿದೆ. ಆಕೆ ನನ್ನ ಹಲ್ಲು ನೋಡಿ ಕಣ್ಣೊರೆಸಿಕೊಂಡು ಚಹಾ ಕುಡಿದಳು. ಸುಂದರಮ್ಮನನ್ನು ಆಮೇಲೆ ಗಮನಿಸಿ ನೋಡಿದೆ. ರೋಗಿಯ ಜೊತೆ ಮಗಳ ಸೀಮಂತದ ಬಗ್ಗೆಯೋ ಬದನೆಕಾಯಿ ಪಲ್ಯದ ಬಗ್ಗೆಯೋ ಹರಟುತ್ತಲೇ ಇರುತ್ತಿದ್ದರು, ಬೆರಳು ಮಾತ್ರ ನಾಡಿಯ ಮೇಲಿಂದ ಕದಲುತ್ತಿರಲಿಲ್ಲ. ಅವರು ಅಪರೂಪಕ್ಕೆ ವಾರ್ಡಿನ ನಡುವೆ ನಿಂತು “ಸೀರಿಯಸ್!” ಎಂದು ಕೂಗಿದರೆ, ಹಿಡಿದ ಕೆಲಸ ಅಲ್ಲೇ ಬಿಟ್ಟು ಆ ಹಾಸಿಗೆಗೆ ಓಡಬೇಕು ಎಂದು ಅರ್ಥ. ಒಬ್ಬಳು ಆಕ್ಸಿಜನ್ ಸಿಲಿಂಡರ್ ಉರುಳಿಸಿಕೊಂಡು ಬರುತ್ತಿದ್ದಳು, ಇನ್ನೊಬ್ಬಳು ಡಾಕ್ಟರನ್ನು ಕರೆಯಲು ಹೋಗುತ್ತಿದ್ದಳು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಅದೇ ಮಾತು ಹೊರಗೆ ಕೂತ ಮನೆಯವರ ಕಿವಿಗೆ ಬಿದ್ದರೆ ಅವರು ತಟ್ಟೆ, ಲೋಟ, ಹಾಸಿಗೆ ಗಂಟು ಕಟ್ಟಲು ಶುರು ಮಾಡುತ್ತಿದ್ದರು.

ನಮ್ಮ ಕಡೆ ಬಹಳ ಮನೆಗಳಲ್ಲಿ ಒಂದು ಪದ್ಧತಿ ಇದೆ. ಹೊರಗೆ ಜೀವ ಹೋದವರನ್ನು ಮನೆಯೊಳಕ್ಕೆ ತರುವುದಿಲ್ಲ. ಅಂಗಳದಲ್ಲೋ ಎದುರಿನ ಕಟ್ಟೆಯ ಮೇಲೋ ಇಟ್ಟು, ಮಾಡಬೇಕಾದ್ದನ್ನೆಲ್ಲ ಅಲ್ಲೇ ಮಾಡಿ, ಅಲ್ಲಿಂದಲೇ ಒಯ್ಯುತ್ತಾರೆ. ವರ್ಷಗಟ್ಟಲೆ ತಾನೇ ಸಾರಿಸಿ ರಂಗೋಲಿ ಹಾಕಿದ ಹೊಸ್ತಿಲ ಹೊರಗೇ ಒಬ್ಬಳನ್ನು ಮಲಗಿಸುವುದು ಅವರಿಗೆ ತಡೆಯಲಾರದ ಸಂಕಟ. ಆದ್ದರಿಂದ ಉಸಿರಿರುವಾಗಲೇ ಒಳಗೆ ಕರೆದೊಯ್ಯಬೇಕೆಂಬ ಆತುರ. ಟೆಂಪೊ ಬರುವುದು ಆ ಪ್ರೀತಿಯಿಂದ. ಇದು ಗೊತ್ತಾಗುವವರೆಗೂ ನಾನು ಅವರನ್ನು ‘ಬುದ್ಧಿ ಇಲ್ಲದವರು’ ಎಂದು ಬಯ್ಯುತ್ತಿದ್ದೆ. ಗೊತ್ತಾದ ಮೇಲೂ ಬಯ್ಯುತ್ತಿದ್ದೆ, ಸ್ವಲ್ಪ ದನಿ ತಗ್ಗಿಸಿ.

ಇದರ ಜೊತೆಗೆ ಫೋನಿನ ಪದ್ಧತಿ ಒಂದಿದೆ. ಸಾವಿನ ಸುದ್ದಿಯನ್ನು ನಮ್ಮಲ್ಲಿ ಯಾರೂ ಫೋನಿನಲ್ಲಿ ನೇರವಾಗಿ ಹೇಳುವುದಿಲ್ಲ. ದಾರಿಯಲ್ಲಿ ಬರುವವರು ಎದೆ ಒಡೆದುಕೊಳ್ಳಬಾರದು, ಬಸ್ಸಿನಲ್ಲಿ ಕೂತು ಗೋಳಾಡಬಾರದು ಎಂದು “ಸೀರಿಯಸ್ ಐತಿ, ಲಗೂನ ಬಾ” ಎನ್ನುತ್ತಾರೆ. ಕೇಳಿದವರಿಗೂ ಅದು ಗೊತ್ತು. ಗೊತ್ತಿಲ್ಲದವರಂತೆ ಬಸ್ ಹತ್ತುತ್ತಾರೆ. ಎಲ್ಲರೂ ಹೀಗೆ ಮಾಡಿ ಮಾಡಿ, ನಿಜವಾಗಿ ಸೀರಿಯಸ್ ಆದವರಿಗೆ ಹೇಳಲು ಮಾತೇ ಉಳಿದಿಲ್ಲ.

ಕೊಳಗಲ್ಲಿನ ತಿಮ್ಮಪ್ಪ ಎಂಬ ಮುದುಕರಿಗೆ ಹಾಗೇ ಆಯಿತು. ಜ್ವರ ನೆತ್ತಿಗೇರಿ ಮೈಮೇಲೆ ಎಚ್ಚರವಿಲ್ಲದೆ ಬಂದಿದ್ದರು. ಮಗ ಗಾಬರಿಯಾಗಿ, ಆದೋನಿ ಕಡೆ ಕೊಟ್ಟಿದ್ದ ಅಕ್ಕನಿಗೆ “ಅಪ್ಪಗ ಸೀರಿಯಸ್ ಐತಿ” ಎಂದು ಫೋನ್ ಮಾಡಿದ. ಪಾಪ, ಇದ್ದದ್ದನ್ನೇ ಹೇಳಿದ್ದ. ಮರುದಿನ ಅಕ್ಕ ಬರುವ ಹೊತ್ತಿಗೆ ತಿಮ್ಮಪ್ಪ ಜ್ವರ ಇಳಿದು, ದಿಂಬಿಗೆ ಒರಗಿ ಕೂತು, ಇಡ್ಲಿಗೆ ಚಟ್ನಿ ಸಾಲದು ಎಂದು ತಕರಾರು ತೆಗೆದಿದ್ದರು. ಮಗಳು ಕೈಯಲ್ಲಿ ದೊಡ್ಡ ಹೂವಿನ ಹಾರ ಹಿಡಿದು ಅಳುತ್ತಾ ವಾರ್ಡಿನ ಬಾಗಿಲಿಗೆ ಬಂದಳು. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿದರು.

“ಏನವ್ವಾ, ಈಗ ಬಂದೇನು? ಹಾರ ಯಾರಿಗಿ?” ಎಂದರು ತಿಮ್ಮಪ್ಪ.

ಅವಳಿಗೆ ಏನು ಹೊಳೆಯಿತೋ. “ಡಾಕ್ಟ್ರಿಗಪ್ಪಾ” ಎಂದವಳೇ, ರೌಂಡ್ಸಿಗೆಂದು ಆಗ ತಾನೇ ಒಳಗೆ ಬಂದ ಡಾಕ್ಟರ ಕೊರಳಿಗೆ ಹಾಕಿಬಿಟ್ಟಳು. ಡಾಕ್ಟರು ಸಂಕೋಚದಿಂದ ಕೈಮುಗಿದರು, ಯಾರೋ ಫೋಟೊ ಕೂಡ ತೆಗೆದರು. ಆ ಹಾರ ಯಾವ ತರಹದ್ದು ಎಂದು ಅವರಿಗೆ ಇವತ್ತಿನವರೆಗೂ ಗೊತ್ತಿರಲಾರದು. ನಾನು ಔಷಧಿ ಕೋಣೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ.

ಕುರುಗೋಡು ಕಡೆ ನಾನಿದ್ದ ಒಂದು ಕಡೆ ಬೇರೆಯೇ ತರಹದ ಡಾಕ್ಟರೊಬ್ಬರು ಮೇಲಧಿಕಾರಿಯಾಗಿ ಸಿಕ್ಕಿದರು. ಹೆಸರು ಬೇಡ. ಅವರು ಬಂದವರನ್ನೆಲ್ಲ ಸೀರಿಯಸ್ ಎನ್ನುತ್ತಿದ್ದರು. ಭೇದಿಯಾಗಿ ಸುಸ್ತಾದ ಮಗು ಸೀರಿಯಸ್, ಚೇಳು ಕಚ್ಚಿದವನು ಸೀರಿಯಸ್, ಮದುವೆಯಲ್ಲಿ ಹೋಳಿಗೆ ಹೆಚ್ಚಾಗಿ ಹೊಟ್ಟೆನೋವು ಎಂದು ಬಂದವನೂ ಸೀರಿಯಸ್. ಲೆಕ್ಕಾಚಾರ ಸರಳ. ಹೋದರೆ ‘ನಾನು ಮೊದಲೇ ಹೇಳಿದ್ದೆ’ ಎನ್ನಬಹುದು, ಉಳಿದರೆ ಉಳಿಸಿದ ಕೀರ್ತಿ ತಮ್ಮದು. ಊರವರೇನು ಕಮ್ಮಿಯೇ? ಅವರಿಗೆ ‘ಸೀರಿಯಸ್ ಡಾಕ್ಟ್ರು’ ಎಂದೇ ಹೆಸರಿಟ್ಟರು. “ಏನಂದ್ರೋ ಡಾಕ್ಟ್ರು?” ಎಂದರೆ, “ಏನಂತಾರ, ಸೀರಿಯಸ್ ಅಂದ್ರು” ಎಂದು ನಗುತ್ತಾ ಮೆಟ್ಟಿಲ ಮೇಲೆ ಕೂತು ಮಿರ್ಚಿ ತಿನ್ನುತ್ತಿದ್ದರು. ಒಬ್ಬ ಹಮಾಲಿಗೆ ನಿಜವಾಗಿ ಎದೆನೋವು ಬಂದು, ಕೂಡಲೇ ಬಳ್ಳಾರಿಗೆ ಹೋಗಬೇಕಾಗಿತ್ತು. ಡಾಕ್ಟರು ಅದೇ ಮಾತು ಅಂದರು, ಮನೆಯವರು ಅದೇ ನಗು ನಕ್ಕರು. ನಾಳೆ ಸಂತೆ ಮುಗಿಸಿಕೊಂಡು ಹೋಗುತ್ತೇವೆ ಎಂದರು. ನಾನು ಕೂಗಾಡಿ, ಅವನ ತಮ್ಮನ ಅಂಗಿ ಹಿಡಿದು ಎಳೆದು ಇಬ್ಬರನ್ನೂ ಗಾಡಿ ಹತ್ತಿಸಿದೆ. ಆ ಹಮಾಲಿ ಬದುಕಿದ. ತಮ್ಮ ಮಾತ್ರ ಅಂಗಿಯ ಗುಂಡಿ ಕಿತ್ತದ್ದಕ್ಕೆ ಬಹಳ ದಿನ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ.

ಕೆಲಸದ ರೀತಿ ನಮ್ಮ ಕಣ್ಣೆದುರಿಗೇ ಬದಲಾಯಿತು. ಗಾಜಿನ ಸಿರಿಂಜನ್ನು ಕುದಿಸುತ್ತಿದ್ದ ಕಾಲದಿಂದ ಹಿಡಿದು, ಹಾಸಿಗೆಯ ಪಕ್ಕ ಹಸಿರು ಗೆರೆ ಓಡುವ ಮಾನಿಟರ್ ಬರುವವರೆಗೆ ನೋಡಿದೆ. ಈಗಿನ ಸಂಬಂಧಿಕರು ಟೆಂಪೊ ಬರುವ ಮೊದಲೇ ಮೊಬೈಲಿನಲ್ಲಿ ರೋಗಿಯನ್ನು ಎಲ್ಲರಿಗೂ ತೋರಿಸಿರುತ್ತಾರೆ. ಅತ್ತಲಿಂದ ಯಾರೋ “ಮಾತಾಡ್ಸು, ಮಾತಾಡ್ಸು” ಎಂದು ಕಿರುಚುತ್ತಿರುತ್ತಾರೆ. ಕೆಲವರು ಅವಸರಕ್ಕೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಫೋಟೊ ಸಮೇತ ಸ್ಟೇಟಸ್ ಹಾಕಿಯೂ ಬಿಡುತ್ತಾರೆ. ಸ್ಟೇಟಸ್ ಅಳಿಸುವುದು ಸುಲಭ, ಟೆಂಪೊ ಹತ್ತಿಸಿದವರನ್ನು ಇಳಿಸಿಕೊಳ್ಳುವುದು ಕಷ್ಟ.

ಸುಂದರಮ್ಮ ನಿವೃತ್ತರಾಗುವ ಮೊದಲು ನನಗೆ ಹೇಳಿದ್ದಿಷ್ಟು: “ಆ ಮಾತು ಹೇಳಿದಿ ಅಂದ್ರ ಅಲ್ಲೇ ನಿಂದ್ರಬೇಕು. ಹೇಳಿ ಓಡಬಾರದು. ನಾವೇನ್ ಮಾಡಾಕತ್ತೀವಿ, ಅವ್ರೇನ್ ಮಾಡ್ಬೇಕು, ಎಲ್ಲಾ ಹೇಳೋತನ ನಿಂದ್ರು.” ಇದನ್ನೇ ನಾನು ಸಿರುಗುಪ್ಪಕ್ಕೆ ಹೊಸದಾಗಿ ಬಂದ ಡಾಕ್ಟರೊಬ್ಬರಿಗೆ ಹೇಳಿದೆ. ಅವರು ಹಾಸನದ ಕಡೆಯವರು, ಚಿಕ್ಕ ವಯಸ್ಸು, ಕೆಲಸದಲ್ಲಿ ಚುರುಕು. ನಮ್ಮ ಭಾಷೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧಕ್ಕೆ ನನ್ನ ಮುಖ ನೋಡುತ್ತಿದ್ದರು.

“ಸರ್, ಇಲ್ಲಿ ಸೀರಿಯಸ್ ಅಂದು ಸುಮ್ಕಾಗಬ್ಯಾಡ್ರಿ. ಅಂದ್ರ ಪೇಷಂಟ್ ಮನಿಗಿ ಹೊಕ್ಕಾನ.”

“ಹಾಗಾದ್ರೆ ಏನು ಹೇಳ್ಲಿ ಸಿಸ್ಟರ್?”

“ಏನ್ ಮಾಡಾಕತ್ತೀರಿ ಅದನ್ನ ಹೇಳ್ರಿ.”

ತಲೆಯಾಡಿಸಿದರು. ಅರ್ಥವಾಯಿತು ಎಂದುಕೊಂಡೆ.

ಭತ್ತದ ಗದ್ದೆಗಳಲ್ಲಿ ಕಳೆ ತೆಗೆಯುವ ದಿನಗಳು. ಬೆಳಗಿನ ಬಿಸಿಲು ಏರುತ್ತಿದ್ದ ಹೊತ್ತಿಗೆ ರಾರಾವಿಯಿಂದ ಒಂದು ಬೈಕ್ ಬಂತು. ನಡುವೆ ಒಬ್ಬ ಹೆಣ್ಣುಮಗಳು, ಮುಂದೆ ಅವಳ ಗಂಡ ವೀರೇಶ, ಹಿಂದೆ ಅವಳನ್ನು ಬೀಳದಂತೆ ಹಿಡಿದುಕೊಂಡಿದ್ದ ಪಕ್ಕದ ಹೊಲದವನು. ಅವಳ ಹೆಸರು ಹುಲಿಗೆಮ್ಮ. ಬದುವಿನ ಹುಲ್ಲಿಗೆ ಕೈ ಹಾಕಿದಾಗ ನಾಗರಹಾವು ಕಚ್ಚಿತ್ತು. ಇಳಿದು ತಾನೇ ನಡೆದು ಬಂದಳು. ನಾನು ಕೈ ನೋಡುತ್ತಿದ್ದಂತೆ, “ಸಿಸ್ಟರಮ್ಮ, ರೆಪ್ಪಿ ಭಾರ ಆಗಾಕತ್ತಾವ್ರಿ. ತೆರಿಯಾಕ ಬರವಲ್ದು” ಎಂದಳು. ಅಷ್ಟು ಕೇಳಿದ್ದೇ ನನಗೂ ಡಾಕ್ಟರಿಗೂ ವಿಷ ಮೈಗೇರಿದೆ ಎಂದು ತಿಳಿಯಿತು. ವಿಷಕ್ಕೆ ಕೊಡುವ ಔಷಧಿಯನ್ನು ಆ ಕೂಡಲೇ ಡ್ರಿಪ್ಪಿನಲ್ಲಿ ಶುರು ಮಾಡಿದೆವು.

ಆದರೆ ವಿಷ ಮುಂದೆ ಓಡುತ್ತಿತ್ತು. ಮಾತು ತೊದಲಿತು, ಕುತ್ತಿಗೆ ವಾಲಿತು, ಸ್ವಲ್ಪ ಹೊತ್ತಿನಲ್ಲಿ ಎದೆ ಏರಿಳಿಯುವುದೇ ಕಡಿಮೆಯಾಯಿತು. ಡಾಕ್ಟರು ಗಂಟಲಿಗೆ ನಳಿಗೆ ಇಳಿಸಿದರು. ಅದರ ತುದಿಗೆ ರಬ್ಬರಿನ ಚೀಲ ಸಿಕ್ಕಿಸಿ ನಾನು ಒತ್ತತೊಡಗಿದೆ. ಅದನ್ನು ಒಮ್ಮೆ ಒತ್ತಿದರೆ ಅವಳಿಗೆ ಒಂದು ಉಸಿರು. ನಿಲ್ಲಿಸಿದರೆ ಅವಳ ಉಸಿರೂ ನಿಂತಂತೆಯೇ. ಕೈ ಬದಲು ಉಸಿರಾಡಿಸುವ ಮಷಿನ್ ಬೇಕೆಂದರೆ ಬಳ್ಳಾರಿಗೆ ಹೋಗಬೇಕು. ಆಂಬುಲೆನ್ಸ್ ಇನ್ನೊಬ್ಬ ರೋಗಿಯನ್ನು ಅಲ್ಲಿ ಬಿಟ್ಟು ವಾಪಸ್ ಬರುತ್ತಿತ್ತು. ಅದು ಬರುವವರೆಗೆ ಚೀಲ ಬಿಡುವಂತಿರಲಿಲ್ಲ.

ಡಾಕ್ಟರು ಮನೆಯವರಿಗೆ ತಿಳಿಸಲು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ವಾಪಸ್ ಬಂದರು.

“ಸಿಸ್ಟರ್, ಅವರು ಮನೆಗೆ ಕರ್ಕೊಂಡು ಹೋಗ್ತಾರಂತೆ.”

“ಏನಂದ್ರಿ ಸರ್ ನೀವು?”

“ನೀವು ಬೇಡ ಅಂದ ಮಾತು ಹೇಳ್ಲೇ ಇಲ್ಲ. ಪರಿಸ್ಥಿತಿ ತುಂಬಾ ಗಂಭೀರವಾಗಿದೆ ಅಂದೆ, ಅಷ್ಟೇ.”

ಬೇರೆ ಹೊತ್ತಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಟೀವಿಯಲ್ಲಿ ‘ಸ್ಥಿತಿ ಗಂಭೀರ’ ಎಂದು ಕೆಂಪು ಅಕ್ಷರ ಓಡಿದ ಮೇಲೆ ಮುಂದಿನ ಸುದ್ದಿ ಏನು ಬರುತ್ತದೆಂದು ನಮ್ಮ ಜನರಿಗೆ ಚೆನ್ನಾಗಿ ಗೊತ್ತು. ಸೀರಿಯಸ್ ಎಂದಿದ್ದರೆ ಬರೀ ಟೆಂಪೊ ಬರುತ್ತಿತ್ತು. ಗಂಭೀರ ಎಂದದ್ದಕ್ಕೆ ಟೆಂಪೊದ ಜೊತೆಗೆ ಹೂವಿಗೂ ಹೇಳಿ ಕಳಿಸಿದ್ದರು. ನಾನು ಚೀಲ ಒತ್ತುತ್ತಿದ್ದಂತೆಯೇ ಟೆಂಪೊ ಬಂದದ್ದು ಕಿಟಕಿಯಿಂದ ಕಾಣಿಸಿತು, ಗಾಡಿ ಗೇಟಿಗೆ ಅಡ್ಡ ನಿಂತಿತ್ತು, ಹೆಂಗಸರು ಇಳಿಯುತ್ತಲೇ ಅಳು ಶುರು ಮಾಡಿದ್ದರು.

ಒಳಗೆ ಬಂದವಳು ಈರಮ್ಮ, ಹುಲಿಗೆಮ್ಮನ ಅತ್ತೆ. ಬಡಕಲು ಮುದುಕಿ. ಬರಿಗಾಲು, ಕೈಯಲ್ಲಿ ಅರಿಶಿನ ಕುಂಕುಮದ ಪೊಟ್ಟಣ. ಅವಳ ಹಿಂದೆ ವೀರೇಶ ಗೋಡೆ ಹಿಡಿದು ನಿಂತ. ಆ ಮನೆಯಲ್ಲಿ ತೀರ್ಮಾನ ಮಾಡುವವಳು ಅವಳೇ ಎಂದು ನೋಡಿದರೇ ತಿಳಿಯುತ್ತಿತ್ತು. ಸೊಸೆಯ ಹಣೆಯ ಮೇಲಿನ ಕೂದಲು ಸರಿಸಿ, ಕೆನ್ನೆ ಮುಟ್ಟಿ ನೋಡಿ, ನನ್ನತ್ತ ತಿರುಗಿದಳು.

“ಸಿಸ್ಟರಮ್ಮ, ಆ ಚೀಲ ಒತ್ತೋದು ಬಿಡ್ರಿ. ಹುಡುಗೀನ ಮನಿಗಿ ಒಯ್ತೀವಿ.”

“ಒಯ್ದು ಏನ್ ಮಾಡ್ತಿ ಅಮ್ಮಾ?”

“ಮುತ್ತೈದಿ ಅದಾಳ್ರಿ. ನನ್ನ ಮನಿಗಿ ಸೇರಕ್ಕಿ ಒದ್ದು ಒಳಗ ಬಂದಾಕಿ. ಬೀದ್ಯಾಗ ಮಲಗಿಸ್ಲೇನು ಆಕೀನ? ಮನಿಯಾಗಿಂದ ಹೋಗ್ಲಿ.”

“ನಾ ಕೈ ಬಿಟ್ರ ಟೆಂಪೊ ಹತ್ತಸೋದ್ರಾಗ ಹೋಗ್ತಾಳ.”

“ಹೋಗ್ಯಾಳಲ್ರಿ ಯವ್ವಾ! ಕಣ್ಣು ನೋಡ್ರಿ, ಮಾರಿ ನೋಡ್ರಿ. ನೀವು ಗಾಳಿ ತುಂಬಾಕತ್ತೀರಿ, ಅದಕ್ಕ ಎದಿ ಏಳಾಕತ್ತೈತಿ, ಅಷ್ಟ. ಹೋಗ್ಯಾಳ ನನ್ನ ಮಗಳು.”

ವೀರೇಶ ಅಲ್ಲೇ ಕುಸಿದು ಕೂತು, “ಹೋದ್ಲಬೇ, ಹೋದ್ಲು” ಎಂದು ತಲೆ ಚಚ್ಚಿಕೊಂಡ. ನಾನು ಮಾನಿಟರ್ ತೋರಿಸಿದೆ, ಹಸಿರು ಗೆರೆ ಏಳುತ್ತಿದೆ ನೋಡು ಎಂದೆ. “ಆ ಟೀವಿ ನಮಗ ತಿಳಿಯಂಗಿಲ್ರಿ” ಎಂದಳು ಈರಮ್ಮ. ನಾಡಿ ಮುಟ್ಟಿ ನೋಡು ಎಂದೆ. ಅವಳು ಮಣಿಕಟ್ಟಿನ ಸುತ್ತ ತಡಕಾಡಿದಳು, ಏನೂ ಸಿಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಹೊಡೆಯುವಷ್ಟು ಸಿಟ್ಟು. ಆದರೆ ಎರಡೂ ಕೈ ಚೀಲದ ಮೇಲಿದ್ದವು, ಅದೇ ಒಳ್ಳೆಯದಾಯಿತು. ಅವಳ ಪ್ರೀತಿ ಸುಳ್ಳಲ್ಲ, ಅದೇ ಕಷ್ಟ. ಸೊಸೆಯನ್ನು ಬೇಡವೆನ್ನುವ ಅತ್ತೆಯಾಗಿದ್ದರೆ ಜಗಳ ಮಾಡಿ ಗೆಲ್ಲುತ್ತಿದ್ದೆ.

ಈ ವಿಷದಲ್ಲಿ ಮೈ ಸೋಲುತ್ತದೆ, ರೆಪ್ಪೆ ಎತ್ತಲಾಗುವುದಿಲ್ಲ, ನಾಲಿಗೆ ಹೊರಳುವುದಿಲ್ಲ. ಅರಿವು ಮಾತ್ರ ಬಹಳ ಸಲ ಹಾಗೇ ಇರುತ್ತದೆ. ಹೆಬ್ಬೆರಳು, ಕಾಲಿನ ಬೆರಳು ಇಂಥವುಗಳಲ್ಲಿ ಕೊನೆಯವರೆಗೂ ಒಂದಿಷ್ಟು ಕಸುವು ಉಳಿದಿರುವುದುಂಟು. ನಾನು ಬಗ್ಗಿ ಅವಳ ಕಿವಿಯ ಹತ್ತಿರ ಬಾಯಿಟ್ಟು ಜೋರಾಗಿ ಕೂಗಿದೆ.

“ಹುಲಿಗೆಮ್ಮ! ನಾ ಸಿಸ್ಟರ್. ಕೇಳಾಕತ್ತೈತೇನು? ಕೇಳಿದ್ರ ಕಾಲ ಬೆರಳು ಆಡಿಸು.”

ಏನೂ ಆಗಲಿಲ್ಲ. ಈರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡಾಕ್ಟರು ಕಾಲಿನ ಹತ್ತಿರ ಹೋಗಿ ಬಗ್ಗಿ ನಿಂತರು.

“ಹುಲಿಗೆಮ್ಮ, ಮತ್ತೊಮ್ಮಿ. ಕಾಲುಂಗುರದ ಬೆರಳು. ಆಡಿಸವ್ವಾ.”

ಎಡಗಾಲಿನ ಬೆರಳು ತುಸುವೇ ಬಾಗಿತು. ಬೆಳ್ಳಿಯ ಕಾಲುಂಗುರ ಮಂಚದ ಕಬ್ಬಿಣಕ್ಕೆ ತಾಗಿ ಟಿಣ್ ಎಂದಿತು. “ನೋಡಿ, ನೋಡಿ!” ಎಂದು ಡಾಕ್ಟರು ಚಿಕ್ಕ ಮಕ್ಕಳ ಹಾಗೆ ಕೂಗಿಕೊಂಡರು. ಈರಮ್ಮ ಓಡಿಹೋಗಿ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಅಳತೊಡಗಿದಳು. ಅತ್ತು ಅತ್ತು ಒಂದು ಸಲ ತಲೆಯೆತ್ತಿ ನನ್ನನ್ನು ಕೇಳಿದಳು.

“ಹಂಗಾರ ಸೀರಿಯಸ್ ಇಲ್ಲೇನ್ರಿ?”

ಡಾಕ್ಟರು ನನ್ನತ್ತ ನೋಡಿದರು. ಇಲ್ಲ ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು, ಅವಳು ಹೇಳಿದಂತೆ ಕೇಳುತ್ತಾಳೆ, ಟೆಂಪೊ ಹೊರಟುಹೋಗುತ್ತದೆ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಏನೂ ಇಲ್ಲ ಎಂದು ನಂಬಿಸಿ ಕರೆದುಕೊಂಡು ಹೋಗಿ, ದಾರಿಯಲ್ಲಿ ಹೆಚ್ಚುಕಡಿಮೆಯಾದರೆ? ಮತ್ತೆಂದೂ ರಾರಾವಿಯ ಹೆಣ್ಣುಮಕ್ಕಳು ಹಾವು ಕಚ್ಚಿದ ಮೇಲೆ ನಮ್ಮ ಬಾಗಿಲಿಗೆ ಬರುವುದಿಲ್ಲ.

“ಸೀರಿಯಸ್ ಐತಿ ಅಮ್ಮಾ. ಭಾಳ ಸೀರಿಯಸ್ ಐತಿ” ಎಂದೆ. “ಉಸಿರು ತಗೊಳ್ಳೋ ಶಕ್ತಿ ಒಂದು ಹೋಗೈತಿ. ಅದು ತಿರುಗಿ ಬರೋತನ ಯಾರರ ಕೊಡ್ಬೇಕು. ಬಳ್ಳಾರ್ಯಾಗ ಮಷಿನ್ ಕೊಡ್ತೈತಿ, ಅಲ್ಲೀತನ ನಾ ಕೊಡ್ತೀನಿ. ಗಾಡಿ ಬಂದ ಕೂಡ್ಲೆ ನೀನೂ ನನ್ನ ಜೊತಿ ಹತ್ತು.”

“ದಾರ್ಯಾಗ ಏನರ ಆದ್ರ?”

“ಆದ್ರ ಮನಿಯೊಳಗ ತರಾಕ ಬರಂಗಿಲ್ಲ. ನನಗೂ ಗೊತ್ತೈತಿ, ನಾನೂ ಇದೇ ಸೀಮಿಯಾಕಿ. ಉಳಿದ್ಲು ಅಂದ್ರ ಯಾರೂ ಹೊರಬೇಕಾಗಿಲ್ಲ, ತಾನ ನಡಕೊಂತ ಒಳಗ ಬರ್ತಾಳ.”

ಈರಮ್ಮ ಸೊಸೆಯ ಪಾದವನ್ನು ಮೆಲ್ಲನೆ ಹಾಸಿಗೆಯ ಮೇಲಿಟ್ಟಳು. ಆಮೇಲೆ ಕುಂಕುಮದ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕಿಟಕಿಗೆ ಹೋಗಿ ಹೊರಗಿದ್ದವರ ಮೇಲೆ ಹರಿಹಾಯ್ದಳು: “ಲೇ, ಬಾಗಲಾಗಿಂದ ಗಾಡಿ ತೆಗೀರೋ! ಆಂಬುಲೆನ್ಸ್ ಹೆಂಗ ಬರಬೇಕು? ಅಳೋದು ಬಂದ್ ಮಾಡ್ರಿ, ಇನ್ನ ಜೀವ ಐತಿ!” ಹೊರಗಿನ ಅಳು ಬಾಯಿಗೆ ಬಟ್ಟೆ ತುರುಕಿದಂತೆ ನಿಂತಿತು.

ಆಂಬುಲೆನ್ಸ್ ಬಂದ ಮೇಲೆ ದಾರಿಯುದ್ದಕ್ಕೂ ನಾನು ಒತ್ತಿದೆ. ನನ್ನ ಕೈ ಸೋತಾಗ ವೀರೇಶನಿಗೆ ಹೇಳಿಕೊಟ್ಟೆ, “ನೀ ಉಸಿರು ತಗೊಂಡಾಗ ಆಕಿಗೂ ಕೊಡು, ಅಷ್ಟ.” ಹೆಂಡತಿಗೆ ಉಸಿರು ಕೊಡುವ ಕೆಲಸ ಕೈಗೆ ಬಂದ ಮೇಲೆ ಅವನ ಅಳು ನಿಂತಿತು. ಈರಮ್ಮ ಕಾಲ ಬುಡದಲ್ಲಿ ಕೂತು ಕಾಲುಂಗುರದ ಬೆರಳನ್ನೇ ನೋಡುತ್ತಿದ್ದಳು. ಹಿಂದೆ ಟೆಂಪೊ ಬರುತ್ತಲೇ ಇತ್ತು. ತೆಕ್ಕಲಕೋಟೆಯಲ್ಲಿ ಅಂಗಡಿಯವರು ಆಂಬುಲೆನ್ಸನ್ನೂ ಅದರ ಹಿಂದಿನ ಟೆಂಪೊದಲ್ಲಿದ್ದ ಹೂವನ್ನೂ ನೋಡಿ ಎದ್ದುನಿಂತು ಕೈಮುಗಿದರು. “ಕೈ ಮುಗಿಯಾಕ ಏನಾಗೇತಿ ಇವ್ರಿಗೆ” ಎಂದು ಈರಮ್ಮ ಹಲ್ಲು ಕಡಿದಳು. ನನಗೆ ಆ ಹೊತ್ತಿನಲ್ಲೂ ನಗು ಬಂತು, ತಡೆದುಕೊಳ್ಳಲಿಲ್ಲ. ಬಳ್ಳಾರಿ ಮುಟ್ಟಿ ಅವಳನ್ನು ಮಷಿನಿಗೆ ಒಪ್ಪಿಸಿದಾಗ ನನ್ನ ಬೆರಳುಗಳು ಮಡಚಿದವು ಮಡಚಿದಂತೆಯೇ ಇದ್ದವು. ಕೆಲವು ದಿನಗಳ ಮೇಲೆ ಹುಲಿಗೆಮ್ಮ ತಾನೇ ಉಸಿರಾಡುತ್ತಿದ್ದಾಳೆ, ಕಣ್ಣು ತೆರೆದಿದ್ದಾಳೆ ಎಂದು ಫೋನ್ ಬಂತು.

ಆ ಡಾಕ್ಟರು ಆಮೇಲೆ ಮನೆಯವರೊಡನೆ ನಿಂತು ಮಾತಾಡುವುದನ್ನು ಚೆನ್ನಾಗಿ ಕಲಿತರು. ಎಷ್ಟು ಕಲಿತರೆಂದರೆ ಒಬ್ಬರ ಹತ್ತಿರ ಶುರು ಮಾಡಿದರೆ ಮುಗಿಸುತ್ತಲೇ ಇರಲಿಲ್ಲ, ಉಳಿದವರು ಸಾಲಿನಲ್ಲಿ ಬೈದುಕೊಳ್ಳುತ್ತಿದ್ದರು.

ಗದ್ದೆ ತೆನೆ ಬಿಟ್ಟಿದ್ದ ದಿನಗಳಲ್ಲಿ ಹುಲಿಗೆಮ್ಮ ಅತ್ತೆಯ ಜೊತೆ ನನ್ನನ್ನು ನೋಡಲು ಸಿರುಗುಪ್ಪಕ್ಕೆ ಬಂದಳು. ಬಸ್ಸಿನಿಂದ ಇಳಿದು ನಡೆದು ಬಂದವಳನ್ನು ನಾನು ಗುರುತು ಹಿಡಿಯಲಿಲ್ಲ. ಕಣ್ಣು ತೆರೆದ ಅವಳ ಮುಖವನ್ನು ನಾನು ನೋಡಿದ್ದೇ ಅರೆಗಳಿಗೆ. ಟೆಂಪೊದಲ್ಲಿದ್ದ ಯಾರೋ ಹಾಕಿದ್ದ ಶ್ರದ್ಧಾಂಜಲಿಯ ಫೋಟೊವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದ್ದಳು, ತೋರಿಸಿ ನಕ್ಕಳು. “ಫೋಟೊ ಚಲೋ ಬಂದೈತ್ರಿ, ಅದಕ್ಕ ಅಳಿಸಿಲ್ಲ.” ಈರಮ್ಮ ಅದನ್ನು ನೋಡಲಾರದೆ, ಚಹಾ ತರುತ್ತೇನೆಂದು ಹೊರಗೆ ಹೋದಳು.

ಇಬ್ಬರೇ ಉಳಿದಾಗ ನಾನು ಕೇಳಿದೆ: “ಅವತ್ತು ನಾವಾಡಿದ್ದು ನಿನಗ ಕೇಳ್ತಿತ್ತೇನು?”

“ಎಲ್ಲಾ ಕೇಳ್ತಿತ್ರಿ.” ಅವಳು ಬಳೆ ತಿರುವತೊಡಗಿದಳು. “ಅತ್ತಿ ಹೋಗ್ಯಾಳ ಅಂದ್ಲು. ನಮ್ಮನಿಯವ್ರೂ ಹೋದ್ಲು ಅಂದ್ರು. ಕತ್ಲ ಬ್ಯಾರೆ ಇತ್ತಲ್ರಿ ಕಣ್ಣಿಗೆ. ಕೇಳಿ ಕೇಳಿ ನಾನೂ ಹೌದೇನೋ ಅಂದ್ಕೊಂಡೆ. ಸತ್ತ ಮ್ಯಾಲ ಹಿಂಗ ಇರ್ತೈತೇನೋ, ಎಲ್ಲಾರ ಮಾತೂ ಕೇಳಸ್ತೈತೇನೋ ಅಂತ. ಬೆರಳು ಆಡಿಸು ಅಂದ್ರಿ. ಆಡಿಸಿದೆ. ಆಡ್ತೋ ಇಲ್ಲೋ ನನಗ ತಿಳೀಲಿಲ್ಲ. ಅತ್ತಿ ಇನ್ನೂ ಜೋರು ಅಳೋದು ಕೇಳ್ತು. ಮುಗೀತು ಬಿಡು ಅಂದ್ಕೊಂಡೆ.”

“ಆಮ್ಯಾಲ?”

“ಆಮ್ಯಾಲ ನೀವು ಸೀರಿಯಸ್ ಐತಿ ಅಂದ್ರಿ, ಭಾಳ ಸೀರಿಯಸ್ ಐತಿ ಅಂದ್ರಿ.” ತಲೆಯೆತ್ತಿ ನೋಡಿದಳು. “ಅಂದ ಕೂಡ್ಲೆ ನನಗ ಧೈರ್ಯ ಬಂತು ಸಿಸ್ಟರಮ್ಮ. ಸತ್ತವರಿಗೆ ಯಾರೂ ಸೀರಿಯಸ್ ಅನ್ನಂಗಿಲ್ಲಲ್ರಿ. ಅಂದ್ರ ಇನ್ನ ಅದೀನಿ ಅಂತ ಗೊತ್ತಾತು.”

ಬಿ.ಪಿ. ನೋಡುತ್ತೇನೆ ಎಂದು ನಾನು ಅವಳ ಕೈ ಹಿಡಿದುಕೊಂಡೆ. ಈರಮ್ಮ ಚಹಾ ತಂದು ಎದುರಿಗೆ ಇಟ್ಟ ಮೇಲೂ ಬಿಡಲಿಲ್ಲ.